ಪಾದ್ರಿಗಳ ಕನ್ನಡ ಸೇವೆ: ಒಂದು ವಿಮರ್ಶೆ

ತಮ್ಮ ಮತವನ್ನು ಸಾರುವದಕ್ಕೆಂದು ಪರದೇಶದಿಂದ ಬಂದು, ನಮ್ಮ ನುಡಿಯನ್ನು ಕಲಿತು, ನಮ್ಮ ಪುರಾಣಗಳನ್ನು ಅಚ್ಚು ಹಾಕಿಸಿ, ಕಡೆಗೆ ನಮಗೊಂದು ದೊಡ್ಡ ಕೋಶವನ್ನು ಕಟ್ಟಿಕೊಟ್ಟು ಹೋದ ಜರ್ಮನ್ ಪಾದ್ರಿಗಳನ್ನು ಕನ್ನಡಿಗರಾದ ನಾವು ಹೇಗೆ ಅಳೆಯಬೇಕು? ಈ ಪ್ರಶ್ನೆಯು ಹಳೆಯದಾದರೂ ಇದಕ್ಕೆ ಸಿಕ್ಕಿರುವ ಉತ್ತರಗಳು ಬಹುಮಟ್ಟಿಗೆ ಎರಡೇ. ಸಭೆಗಳಲ್ಲಿ ಮಾತಾಡುವವರು ಕಿಟ್ಟೆಲ್ ಸಾಹೇಬರ ಹೆಸರು ಬಂದೊಡನೆ ಕೈಮುಗಿದು, ಅವರು ಯಾತಕ್ಕಾಗಿ ಬಂದಿದ್ದರೆಂಬದನ್ನು ಮರೆತುಬಿಡುತ್ತಾರೆ. ಮತಾಭಿಮಾನಿಗಳಾದ ಇನ್ನು ಕೆಲವರು ಅವರು ಯಾತಕ್ಕಾಗಿ ಬಂದಿದ್ದರೆಂಬದೊಂದನ್ನೇ ನೆನೆದು, ಅವರು ಮಾಡಿದ್ದೆಲ್ಲವೂ ಮೀನು ಹಿಡಿಯುವವನ ಗಾಳದ ಎರೆಯೆಂದು ತಳ್ಳಿಹಾಕುತ್ತಾರೆ. ಮೊದಲನೆಯವರು ಉದ್ದೇಶವನ್ನು ಬಿಟ್ಟು ಫಲವನ್ನು ಹಿಡಿದರು. ಎರಡನೆಯವರು ಫಲವನ್ನು ಬಿಟ್ಟು ಉದ್ದೇಶವನ್ನು ಹಿಡಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ಉಳಿದೇ ಹೋಗಿದೆ. ಈ ಲೇಖನದಲ್ಲಿ ಆ ಕೆಲಸವನ್ನು ಸಾಧ್ಯವಿದ್ದಷ್ಟು ಮಾಡುವದು ನಮ್ಮ ಉದ್ದೇಶವು.

ಮೊದಲು ಸಂಗತಿಗಳನ್ನು ನೆನಪು ಮಾಡಿಕೊಳ್ಳೋಣ. ಸ್ವಿಟ್ಝರ್ಲಂಡಿನ ಬೇಸೆಲ್ ಪಟ್ಟಣದಲ್ಲಿ ೧೮೧೫ನೆಯ ಇಸವಿಯಲ್ಲಿ ಹುಟ್ಟಿದ ಮಿಶನ್ ಸಂಸ್ಥೆಯವರಲ್ಲಿ ಮೊದಲು ಮೂವರು ೧೮೩೪ರ ಅಕ್ಟೋಬರದಲ್ಲಿ ಮಂಗಳೂರನ್ನು ಮುಟ್ಟಿದರು. ೧೮೩೬ರಲ್ಲಿ ಹೆರ್ಮನ್ ಮೋಗ್ಲಿಂಗ್ ಎಂಬವರು ಬಂದರು. ೧೮೪೩ರ ಜುಲೈ ತಿಂಗಳಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರವಾದ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದವರು ಇವರೇ. ಮಂಗಳೂರಿನಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೂ, ನೇಕಾರರ ಊರಾದ ಗುಳೇದಗುಡ್ಡಕ್ಕೂ, ಮುಂದೆ ನಮ್ಮ ವಿಜಾಪುರಕ್ಕೂ ಈ ಮಿಶನ್ನಿನ ಠಾಣೆಗಳು ಹಬ್ಬಿದವು. ೧೮೩೨ರಲ್ಲಿ ಉತ್ತರ ಜರ್ಮನಿಯ ಕಡಲ ಸೀಮೆಯ ಒಂದು ಹಳ್ಳಿಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಫರ್ಡಿನಂಡ್ ಕಿಟ್ಟೆಲ್ಲರು ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಂದರೆ ೧೮೫೩ರಲ್ಲಿ, ಈ ದೇಶಕ್ಕೆ ಬಂದರು. ನಡುವೆ ಕೆಲವು ವರ್ಷ ಸ್ವದೇಶಕ್ಕೆ ಹೋಗಿದ್ದುದನ್ನು ಬಿಟ್ಟರೆ ೧೮೯೨ರ ವರೆಗೆ ಅವರ ಬಾಳು ಕನ್ನಡ ನಾಡಿನಲ್ಲಿಯೇ ಸವೆಯಿತು. ೧೮೯೪ರಲ್ಲಿ ಮಂಗಳೂರಿನ ಬೇಸೆಲ್ ಮಿಶನ್ ಮುದ್ರಣಾಲಯದಿಂದ ಸುಮಾರು ೭೦,೦೦೦ ಶಬ್ದಗಳ ಅವರ ಕನ್ನಡ-ಇಂಗ್ಲಿಷ್ ಕೋಶವು ಹೊರಬಿತ್ತು. ೧೯೦೩ರ ಡಿಸೆಂಬರದಲ್ಲಿ ಟ್ಯೂಬಿಂಗೆನ್ ಪಟ್ಟಣದಲ್ಲಿ ಅವರು ತೀರಿಕೊಂಡರು.

ಇನ್ನು ತೂಕದ ಮಾತು. ಮತಪ್ರಚಾರಕ್ಕೆಂದು ಮಾಡಿದ ಕೆಲಸವು ಸಾಹಿತ್ಯವೆನ್ನಿಸಿಕೊಳ್ಳಲು ಅರ್ಹವಲ್ಲ ಎಂಬ ಆಕ್ಷೇಪಣೆಯನ್ನು ಮೊದಲು ಎತ್ತಿಕೊಳ್ಳೋಣ. ಈ ನಿಯಮವನ್ನು ನಾವು ನಿಷ್ಠೆಯಿಂದ ನಡೆಸುವದಾದರೆ ಕನ್ನಡ ಸಾಹಿತ್ಯದಲ್ಲಿ ಉಳಿಯುವದೆಷ್ಟು? ಪಂಪನು ಆದಿಪುರಾಣವನ್ನು ಬರೆದದ್ದು ಜಿನಧರ್ಮದ ಹಿರಿಮೆಗಾಗಿ. ಹರಿಹರನು ರಗಳೆಗಳನ್ನು ಹಾಡಿದ್ದು ಶಿವಶರಣರ ಮಹಿಮೆಗಾಗಿ. ಹರಿದಾಸರು ಊರೂರು ತಿರುಗಿದ್ದು ವಿಷ್ಣುಭಕ್ತಿಯನ್ನು ಮನೆಮನೆಗೆ ಮುಟ್ಟಿಸುವದಕ್ಕಾಗಿ. ಕನ್ನಡ ನುಡಿಯನ್ನು ಬೆಳೆಯಿಸಿದವರಲ್ಲಿ ಹೆಚ್ಚಿನವರು ಯಾವದೋ ಒಂದು ದರ್ಶನವನ್ನು ಜನರ ಎದೆಗೆ ಮುಟ್ಟಿಸಬೇಕೆಂಬ ಹಂಬಲವುಳ್ಳವರೇ ಆಗಿದ್ದರು. ಆದ್ದರಿಂದ ಉದ್ದೇಶವು ಮತಪರವಾದದ್ದೆಂಬ ಒಂದೇ ಕಾರಣದಿಂದ ಪಾದ್ರಿಗಳ ಕೃತಿಗಳನ್ನು ಬಹಿಷ್ಕರಿಸುವ ಅಧಿಕಾರವು ನಮಗಿಲ್ಲ. ವ್ಯತ್ಯಾಸವಿರುವದು ಬೇರೊಂದು ಕಡೆಗೆ. ಪಂಪ ಹರಿಹರರು ಈ ಮಣ್ಣಿನಲ್ಲಿಯೇ ಹುಟ್ಟಿ, ಇದರ ಮಾತಿನಲ್ಲಿಯೇ ತಮ್ಮ ದೇವರನ್ನು ಕಂಡವರು. ಪಾದ್ರಿಗಳು ಬೇರೆ ಮಾತಿನಲ್ಲಿ ಕಂಡ ದೇವರನ್ನು ನಮ್ಮ ಮಾತಿನೊಳಗೆ ತರಬಂದವರು. ಅವರ ಗುಣವೂ ದೋಷವೂ ಈ ಒಂದು ಸಂಗತಿಯಿಂದಲೇ ಹುಟ್ಟಿದವೆಂದು ನಮ್ಮ ಅಭಿಪ್ರಾಯವು.

ಮೋಗ್ಲಿಂಗರ ಕೆಲಸವನ್ನು ನೋಡಿರಿ. ಮದ್ರಾಸಿನಲ್ಲಿ ನ್ಯಾಯಾಧೀಶರಾಗಿದ್ದ ಕ್ಯಾಸಮೇಜರ್ ಎಂಬ ಗೃಹಸ್ಥರ ದ್ರವ್ಯಸಹಾಯದಿಂದ ಅವರು ೧೮೪೮ರಿಂದ ಮುಂದಕ್ಕೆ ಕೆಲವು ವರ್ಷಗಳಲ್ಲಿ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆಯನ್ನು ಅಚ್ಚು ಹಾಕಿಸಿದರು. ಅದರಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವಿದೆ, ಭೀಮಕವಿಯ ಬಸವಪುರಾಣವಿದೆ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವಿದೆ, ದಾಸರ ಪದಗಳಿವೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯು ನಮ್ಮ ಜಿಲ್ಲೆಯಲ್ಲಿಯೇ ಇದೆ. ಅವರ ಪುರಾಣವನ್ನು ಮಠದ ತಾಳೆಗರಿಯ ಕಟ್ಟಿನಿಂದ ಬಿಡಿಸಿ, ಕಾಗದದ ಮೇಲಿಳಿಸಿ, ಕೊಂಡವರೆಲ್ಲರೂ ಓದುವಂತೆ ಮಾಡಿದವರಲ್ಲಿ ಅವರ ಭಕ್ತರಿಗಿಂತ ಮುಂಚಿತವಾಗಿ ನಿಂತವನು ಆ ಭಕ್ತಿಯನ್ನು ಬಿಡಿಸಬಂದ ಒಬ್ಬ ಪಾದ್ರಿಯೆಂಬದು ಚಿಂತಿಸತಕ್ಕ ಸಂಗತಿಯಾಗಿದೆ. ಹುಬ್ಬಳ್ಳಿಯ ಕಡೆಗಿದ್ದ ವುರ್ತ್ ಎಂಬ ಮತ್ತೊಬ್ಬ ಪಾದ್ರಿಗಳು ಇದೇ ಎರಡು ಪುರಾಣಗಳ ಸಾರವನ್ನು ಇಂಗ್ಲಿಷಿನಲ್ಲಿ ಬರೆದು ಮುಂಬಯಿಯ ವಿದ್ವತ್ಪತ್ರಿಕೆಗೆ ಕೊಟ್ಟರು.

ಇದನ್ನು ಅವರು ಯಾತಕ್ಕೆ ಮಾಡಿದರು? ಎದುರಾಳಿಯ ಬಲವನ್ನು ತಿಳಿದುಕೊಳ್ಳುವದಕ್ಕೆ ಎಂದು ಹೇಳಿದರೆ ಅದು ಸುಳ್ಳಲ್ಲ. ಜನರ ನಂಬಿಗೆಯನ್ನು ತಿಳಿಯದೆ ಅದರ ಮೇಲೆ ಮಾತಾಡಲಾಗದೆಂಬದು ಅವರಿಗೆ ಗೊತ್ತಿತ್ತು. ಆದರೆ ಎದುರಾಳಿಯನ್ನು ತಿಳಿಯುವದಷ್ಟೇ ಗುರಿಯಾಗಿದ್ದರೆ ತಮಗಾಗಿ ಒಂದು ಪ್ರತಿಯನ್ನು ಬರೆಯಿಸಿಟ್ಟುಕೊಂಡರೆ ಸಾಕಾಗಿತ್ತು. ಎಲ್ಲರ ಕೈಗೂ ಬರುವಂತೆ ಅಚ್ಚು ಹಾಕಿಸಿದರೆ ಎದುರಾಳಿಯ ಬಲವು ಹೆಚ್ಚುವದೇ ಹೊರತು ಕುಂದುವದಿಲ್ಲವಷ್ಟೆ! ಇಲ್ಲಿ ಪ್ರಚಾರಕನ ಕೈಯನ್ನು ಮೀರಿ ವಿದ್ಯಾರ್ಥಿಯ ಕೈ ಕೆಲಸ ಮಾಡಿದೆ. ಮತವನ್ನು ಹೇಳಬಂದವನು ಕಾವ್ಯದ ರುಚಿಗೆ ಸೋತನೆಂದು ಹೇಳಲು ನಾವು ಹಿಂಜರಿಯಬೇಕಾದದ್ದಿಲ್ಲ.

ಇನ್ನು ಕಿಟ್ಟೆಲ್ಲರ ಕೋಶಕ್ಕೆ ಬರೋಣ. ಇದನ್ನು ಸರಿಯಾಗಿ ಬೆಲೆಗಟ್ಟಬೇಕಾದರೆ ನಮ್ಮ ಹಿಂದಿನ ಕೋಶಗಳ ಸ್ವರೂಪವು ತಿಳಿದಿರಬೇಕು. ನಾನು ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವನು. ಆ ಪದ್ಧತಿಯ ಗುಣವನ್ನು ಬಲ್ಲೆನು. ಛಂದಸ್ಸಿನಲ್ಲಿ ಕಟ್ಟಿದ ಕೋಶವು ಪುಸ್ತಕದ ಹಂಗಿಲ್ಲದೆ ನಾಲಗೆಯ ಮೇಲೆಯೇ ನಿಲ್ಲುತ್ತದೆ. ಕನ್ನಡದಲ್ಲಿಯೂ ರನ್ನಕಂದ, ಎರಡನೆಯ ನಾಗವರ್ಮನ ಅಭಿಧಾನ ವಸ್ತುಕೋಶ, ಮಂಗರಾಜನ ನಿಘಂಟು, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಮುಂತಾದವು ಇದೇ ಜಾತಿಯವು. ಕಡೆಯದರ ಹೆಸರೇ ಈ ಕೋಶಗಳು ಯಾರಿಗಾಗಿ ಹುಟ್ಟಿದವೆಂಬದನ್ನು ಹೇಳುತ್ತದೆ. ಕಾವ್ಯವನ್ನು ಬರೆಯುವವನಿಗೂ, ಕಾವ್ಯವನ್ನು ಓದುವವನಿಗೂ ಬೇಕಾದ ಮಾತುಗಳು ಅಲ್ಲಿ ಉಂಟು. ಎರೆಯ ಹೊಲದಲ್ಲಿ ಕೂರಿಗೆ ಹಿಡಿದವನ ಮಾತು, ಮಗ್ಗದ ಕುಣಿಯಲ್ಲಿ ಕುಳಿತವನ ಮಾತು, ಬೀಸುವ ಕಲ್ಲಿನ ಮುಂದಿನ ಹೆಂಗಸಿನ ಮಾತು ಕೋಶದಲ್ಲಿ ಸೇರತಕ್ಕ ಮಾತೆಂದು ನಮ್ಮ ಪಂಡಿತರಿಗೆ ತೋರಲಿಲ್ಲ.

ಪಾದ್ರಿಗೆ ಹಾಗೆ ತೋರಿತು. ಯಾತಕ್ಕೆಂದರೆ ಅವನ ಉದ್ದೇಶವೇ ಅವನನ್ನು ಅಲ್ಲಿಗೆ ಕರೆದೊಯ್ಯಿತು. ಪಂಡಿತನಿಗೆ ಪಂಡಿತನ ಒಪ್ಪಿಗೆ ಸಾಕು. ಪ್ರತಿಯೊಂದು ಜೀವಕ್ಕೂ ತನ್ನ ಸುವಾರ್ತೆಯು ಮುಟ್ಟಬೇಕೆನ್ನುವವನು ಪ್ರತಿಯೊಬ್ಬರ ಮಾತನ್ನೂ ಕಲಿಯಲೇಬೇಕು. ಯಾರನ್ನೂ ಬಿಡಲಾರದವನು ಯಾರ ಶಬ್ದವನ್ನೂ ಬಿಡಲಾರನು. ಇದು ನಮ್ಮ ವಿಮರ್ಶೆಯ ಮುಖ್ಯ ಮಾತಾದ್ದರಿಂದ ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕೆಂದು ಬಿನ್ನಹ. ಕೋಶದ ಗುಣವು ಉದ್ದೇಶದ ಹೊರತಾಗಿ ಬಂದದ್ದಲ್ಲ; ಉದ್ದೇಶದಿಂದಲೇ ಬಂದದ್ದು. ಮತಪ್ರಚಾರವನ್ನು ಮರೆತು ಕೋಶವನ್ನು ಹೊಗಳುವವರೂ, ಮತಪ್ರಚಾರಕ್ಕಾಗಿ ಕೋಶವನ್ನು ತೆಗಳುವವರೂ ಈ ಸಂಬಂಧವನ್ನು ಕಾಣಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಮಡಿವಾಳ, ಅಂಬಿಗ, ಸಮಗಾರರ ಮಾತಿನಲ್ಲಿ ಅನುಭಾವವನ್ನು ಹೇಳಿದ್ದಕ್ಕೂ ಕಾರಣವು ಇಂಥದೇ ಅಲ್ಲವೆ? ಎಲ್ಲರನ್ನೂ ಒಳಗೊಳ್ಳಬೇಕೆಂಬ ಹಂಬಲವು ಹುಟ್ಟಿದಲ್ಲಿ ನುಡಿಯ ಬಾಗಿಲು ತಾನಾಗಿಯೇ ತೆರೆಯುವದು.

ಈ ಗುಣಕ್ಕೆ ಕೋಶದ ಒಳಗೇ ಸಾಕ್ಷಿಯುಂಟು. ಒಂದೊಂದು ಶಬ್ದದ ಮುಂದೆ ಅದು ಎಲ್ಲಿಂದ ಬಂತೆಂಬದರ ಗುರುತಿದೆ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದ, ಕೇಶಿರಾಜನ ಶಬ್ದಮಣಿದರ್ಪಣ, ಇವುಗಳಿಗೆ ಒಂದೊಂದು ಸಂಕೇತ. ಗಾದೆಗಳಿಗೆ ಒಂದು ಸಂಕೇತ. ಮೈಸೂರ ಸೀಮೆಯ ಮಾತಿಗೆ ಒಂದು. ನಮ್ಮ ದಕ್ಷಿಣ ಮರಾಠಾ ಸೀಮೆಯ, ಅಂದರೆ ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆಯ ಮಾತಿಗೆ ಮತ್ತೊಂದು. ನಮ್ಮ ಸೀಮೆಯ ಮಾತನ್ನು ಒರಟೆಂದು ನಗುವವರು ಇಂದಿಗೂ ಇದ್ದಾರೆ. ಆ ಮಾತಿಗೆ ಮೈಸೂರ ಮಾತಿನ ಪಕ್ಕದಲ್ಲಿ ಸಮಾನವಾದ ಪೀಠವನ್ನು ಕೊಟ್ಟ ಕೋಶಗಳಲ್ಲಿ ಇದು ಮೊದಲನೆಯ ಸಾಲಿನದು. ಶಬ್ದದ ಕೊನೆಗೆ ತಮಿಳು, ಮಲೆಯಾಳ, ತೆಲುಗು, ತುಳು ಮುಂತಾದ ಸೋದರ ಭಾಷೆಗಳ ರೂಪಗಳನ್ನೂ ಕೊಟ್ಟಿದ್ದಾರೆ. ೧೯೬೧ರಲ್ಲಿ ಬರೋ ಮತ್ತು ಎಮೆನೋ ಪಂಡಿತರು ದ್ರಾವಿಡ ಭಾಷೆಗಳ ಧಾತುಕೋಶವನ್ನು ಹೊರಡಿಸಿದಾಗ ಕನ್ನಡದ ಮಟ್ಟಿಗೆ ಅವರಿಗೆ ಆಧಾರವಾಗಿ ನಿಂತದ್ದು ಕಿಟ್ಟೆಲ್ಲರ ಈ ಕೋಶವೇ.

ಸಂಸ್ಕೃತವನ್ನು ಓದಿದವರಿಗೆ ಕೋಶದ ಪೀಠಿಕೆಯಲ್ಲಿ ಒಂದು ಕಹಿಗುಳಿಗೆಯೂ ಇದೆ. ಸಂಸ್ಕೃತದ ನೂರಾರು ಶಬ್ದಗಳು ದ್ರಾವಿಡ ಮೂಲದವಾಗಿರಬಹುದೆಂದು ಕಿಟ್ಟೆಲ್ಲರು ಅಲ್ಲಿ ಪಟ್ಟಿ ಮಾಡಿದ್ದಾರೆ. ಕನ್ನಡವೆಲ್ಲವೂ ಸಂಸ್ಕೃತದಿಂದಲೇ ಇಳಿದು ಬಂದದ್ದೆಂದು ಪಾಠಶಾಲೆಗಳಲ್ಲಿ ಹೇಳುತ್ತಿದ್ದ ಕಾಲದಲ್ಲಿ, ಕೊಡುಕೊಳ್ಳುವಿಕೆಯು ಎರಡು ಕಡೆಗೂ ನಡೆಯಿತೆಂದು ಹೇಳುವದು ಸಣ್ಣ ಮಾತಲ್ಲ. ಪಟ್ಟಿಯಲ್ಲಿಯ ಎಲ್ಲ ಶಬ್ದಗಳನ್ನೂ ಇಂದಿನ ಭಾಷಾಶಾಸ್ತ್ರಜ್ಞರು ಒಪ್ಪುವದಿಲ್ಲವೆಂಬದು ನಿಜ. ಆದರೂ ನೀರ, ಮೀನ ಮೊದಲಾದ ಶಬ್ದಗಳು ದಕ್ಷಿಣದಿಂದ ಸಂಸ್ಕೃತಕ್ಕೆ ಹೋದವೆಂಬದನ್ನು ಈಗ ಬಹುಜನ ವಿದ್ವಾಂಸರು ಒಪ್ಪುತ್ತಾರೆ. ಇದರಿಂದ ಸಂಸ್ಕೃತದ ಹಿರಿಮೆಗೆ ಕುಂದೇನೂ ಇಲ್ಲ. ಹತ್ತು ಹೊಳೆಗಳ ನೀರು ಕೂಡಿದ್ದರಿಂದಲೇ ಕೃಷ್ಣೆಯು ದೊಡ್ಡವಳಾದಳು.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವದು ವಿಮರ್ಶೆಯಲ್ಲ. ಮೊದಲನೆಯದಾಗಿ, ಈ ಕೋಶದಲ್ಲಿ ಅರ್ಥಗಳು ಇಂಗ್ಲಿಷಿನಲ್ಲಿವೆ. ಕನ್ನಡದ ಮಾತನ್ನು ಕೊಟ್ಟವನು ಒಕ್ಕಲಿಗ; ಅರ್ಥವನ್ನು ಪಡೆಯುವವನು ಪಾದ್ರಿ, ಇಲ್ಲವೆ ಕಲೆಕ್ಟರ ಸಾಹೇಬ. ಕೊಟ್ಟವನ ಮನೆಯಲ್ಲಿ ಆ ಪುಸ್ತಕವನ್ನು ಬಿಡಿಸಿದರೆ ಅರ್ಧವು ಕತ್ತಲೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯು ಇಲ್ಲಿ ಸ್ವಲ್ಪ ಮಟ್ಟಿಗೆ ಸಲ್ಲುವದು. ಎರಡನೆಯದಾಗಿ, ಸಂಸ್ಕೃತ ಕೋಶಗಳಲ್ಲಿ ಮಾತ್ರ ಬದುಕಿರುವ, ಯಾವ ಕನ್ನಡಿಗನ ಬಾಯಲ್ಲಿಯೂ ಬಾರದ ಶಬ್ದಗಳು ಇದರಲ್ಲಿ ಬಹಳವಾಗಿ ತುಂಬಿವೆ. ಕನ್ನಡದ ಸ್ವತಂತ್ರತೆಯನ್ನು ಪೀಠಿಕೆಯಲ್ಲಿ ಎತ್ತಿ ಹಿಡಿದವರೇ ಕೋಶದ ಒಡಲಿನಲ್ಲಿ ಸಂಸ್ಕೃತಕ್ಕೆ ಇಷ್ಟು ಎಡೆಗೊಟ್ಟದ್ದು ಆಶ್ಚರ್ಯವು. ಮೂರನೆಯದಾಗಿ, ಮುಖಪತ್ರದ ಮೇಲೆ ಒಂದೇ ಹೆಸರಿದೆ. ಓಲೆಗಳನ್ನು ಓದಿ ಹೇಳಿದ ಪಂಡಿತರು, ಸಂತೆಯಲ್ಲಿಯೂ ಹೊಲದಲ್ಲಿಯೂ ಮಾತಿನ ಅರ್ಥವನ್ನು ಬಿಡಿಸಿ ಹೇಳಿದ ಸಾಮಾನ್ಯರು, ಇವರಿಲ್ಲದೆ ೭೦,೦೦೦ ಶಬ್ದಗಳು ಒಬ್ಬ ಪರದೇಶಸ್ಥನ ಜೋಳಿಗೆಯಲ್ಲಿ ಬಂದು ಬೀಳುವದು ಅಸಾಧ್ಯವು. ಕೋಶವೆಂಬದು ಹಲವರ ದುಡಿಮೆ. ಕೀರ್ತಿಯು ಒಬ್ಬರ ಪಾಲಾಯಿತು. ಇದು ಕಿಟ್ಟೆಲ್ಲರೊಬ್ಬರ ದೋಷವಲ್ಲ, ಆ ಕಾಲದ ರೂಢಿ. ಆದರೂ ಲೆಕ್ಕದಲ್ಲಿ ಬರೆದಿಡಬೇಕಾದದ್ದು.

ಕೋಶದಲ್ಲಿ ಇಲ್ಲದ್ದರ ಬಗ್ಗೆ ಅವರನ್ನು ದೂರುವದು ಮಾತ್ರ ನ್ಯಾಯವಲ್ಲ. ಪಂಪಭಾರತವೂ ಕವಿರಾಜಮಾರ್ಗವೂ ಅಚ್ಚಾದದ್ದು ೧೮೯೮ರಲ್ಲಿ, ಅಂದರೆ ಕೋಶವು ಮುಗಿದು ನಾಲ್ಕು ವರ್ಷಗಳಾದ ಮೇಲೆ. ಶಾಸನಗಳ ಸಂಪುಟಗಳು ಆಗ ತಾನೆ ಹೊರಡುತ್ತಿದ್ದವು. ವಚನಗಳ ರಾಶಿಯು ಇನ್ನೂ ಓಲೆಗಳಲ್ಲಿ ಮಲಗಿತ್ತು. ನಮ್ಮ ವಿಜಾಪುರದ ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ವು ೧೯೨೩ರಲ್ಲಿ, 'ಶಿವಾನುಭವ' ಪತ್ರಿಕೆಯು ೧೯೨೬ರಲ್ಲಿ ಹುಟ್ಟಿದವು. ೧೯೬೮ರಿಂದ ೧೯೭೧ರ ವರೆಗೆ ಮರಿಯಪ್ಪ ಭಟ್ಟರು ಕಿಟ್ಟೆಲ್ಲರ ಕೋಶವನ್ನು ಪರಿಷ್ಕರಿಸಿ ಮದ್ರಾಸ ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟಗಳಲ್ಲಿ ಹೊರಡಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟು ೧೯೭೦ರಲ್ಲಿ ಮೊದಲಾಗಿ ೧೯೯೫ರಲ್ಲಿ ಎಂಟನೆಯ ಸಂಪುಟದೊಡನೆ ಪೂರ್ಣವಾಯಿತು. ಒಬ್ಬ ಪಾದ್ರಿಯು ೧೮೯೪ರಲ್ಲಿ ಮುಗಿಸಿದ ಕೆಲಸಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುವ ಪೂರ್ಣವಾದ ಉತ್ತರವನ್ನು ಕೊಡಲು ನಮಗೆ ಇನ್ನೂ ನೂರೊಂದು ವರ್ಷಗಳು ಬೇಕಾದವು.

ಇನ್ನು ಅವರು ಯಾವ ಕೆಲಸಕ್ಕಾಗಿ ಬಂದಿದ್ದರೋ ಆ ಕೆಲಸದ ಸಾಹಿತ್ಯವನ್ನು ನೋಡೋಣ. ೧೮೬೨ರಲ್ಲಿ ಕಿಟ್ಟೆಲ್ಲರು 'ಕಥಾಮಾಲೆ' ಎಂಬ ಹೆಸರಿನಿಂದ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದರು. ನಾಗವರ್ಮನ ಛಂದೋಂಬುಧಿಯನ್ನು ಮುಂದೆ ೧೮೭೫ರಲ್ಲಿ ಶೋಧಿಸಿ ಪ್ರಕಟಿಸಿದವರಿಗೆ ಮಾತ್ರಾಗಣಗಳ ಲೆಕ್ಕವು ತಪ್ಪುವದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ಆ ಕಾವ್ಯವು ನಮ್ಮ ಪುರಾಣ ಪ್ರವಚನಗಳ ಕಟ್ಟೆಗೆ ಬರಲಿಲ್ಲ, ಜನರ ಬಾಯಲ್ಲಿ ನಿಲ್ಲಲಿಲ್ಲ. ಇದಕ್ಕೆ ಕಾರಣವನ್ನು ಮತದ್ವೇಷದಲ್ಲಿ ಮಾತ್ರ ಹುಡುಕಬಾರದು. ಛಂದಸ್ಸು ಬರಿಯ ಪಾತ್ರೆಯಲ್ಲ. ನೂರಾರು ವರ್ಷ ತುಪ್ಪವನ್ನಿಟ್ಟ ಮಣ್ಣಿನ ಗಡಿಗೆಯಂತೆ ಅದಕ್ಕೆ ತನ್ನದೊಂದು ವಾಸನೆಯುಂಟು. ಲಕ್ಷ್ಮೀಶನನ್ನು ಕೇಳಿದ ಕಿವಿಗೆ ಆ ನಡೆಯೊಳಗೆ ಬೇರೆ ದೇಶದ ಊರುಗಳೂ ಬೇರೆ ರೀತಿಯ ಹೆಸರುಗಳೂ ಬಂದಾಗ ಒಳಗೂ ಹೊರಗೂ ಹೊಂದದೆ ಹೋಯಿತು. ಕಥೆಯು ಮೊದಲು ನಾಡಿನ ಬಾಳಿನಲ್ಲಿ ಬೇರುಬಿಟ್ಟು, ಆ ಮೇಲೆ ಛಂದಸ್ಸಿಗೆ ಹತ್ತಬೇಕು. ಇಲ್ಲಿ ಛಂದಸ್ಸು ಮುಂದಾಗಿ ಬಂತು, ಬೇರು ಹಿಂದುಳಿಯಿತು.

ಭಾಷಾಂತರಿಸಿದ ಕನ್ನಡ ಬೈಬಲಿನ ಪರಿಭಾಷೆಯು ಇದಕ್ಕಿಂತ ಹೆಚ್ಚಿನ ವಿಚಾರಕ್ಕೆ ಯೋಗ್ಯವಾಗಿದೆ. ಬಳ್ಳಾರಿಯ ಲಂಡನ್ ಮಿಶನ್ನಿನ ಹ್ಯಾಂಡ್ಸ್ ಎಂಬವರಿಂದ ಮೊದಲಾಗಿ ಹಲವರ ಕೈಯಲ್ಲಿ ತಿದ್ದುಪಾಟಾಗುತ್ತ ಬಂದ ಈ ಪರಿಭಾಷೆಯಲ್ಲಿ ಪ್ರಭುವಿಗೆ 'ಕರ್ತನು' ಎಂದರು. ವ್ಯಾಕರಣವನ್ನು ಓದಿದವನಿಗೆ ಕರ್ತೃವೆಂದರೆ ಕ್ರಿಯೆಯನ್ನು ಮಾಡುವವನು. ಮಾಡುವವನನ್ನು ಒಡೆಯನನ್ನಾಗಿ ಮಾಡಿದ ಮಾತು ನಮ್ಮ ಕಿವಿಗೆ ಹೊಸದಾಗಿ ಕೇಳಿದರೂ, ಸೃಷ್ಟಿಕರ್ತನೇ ಒಡೆಯನೆಂಬ ಅವರ ಸಿದ್ಧಾಂತವು ಅದರೊಳಗೆ ಚೆನ್ನಾಗಿ ಕೂತಿದೆ. ಮೋಕ್ಷ, ಮುಕ್ತಿಗಳೆಂಬ ಸಿದ್ಧವಾದ ಮಾತುಗಳಿದ್ದರೂ ಅವುಗಳನ್ನು ಮುಂದೆ ಮಾಡದೆ 'ರಕ್ಷಣೆ' ಎಂದರು. ಸಂಸಾರಬಂಧದಿಂದ ಬಿಡುಗಡೆಯೆಂಬ ನಮ್ಮ ಅರ್ಥವು ಮೋಕ್ಷದ ಬೆನ್ನು ಹತ್ತಿ ಬರುವದು. ಪಾಪದಿಂದ ಕಾಪಾಡಲ್ಪಡುವದೆಂಬ ತಮ್ಮ ಅರ್ಥಕ್ಕೆ ಅದು ಒಗ್ಗಲಾರದೆಂದು ಅವರು ಕಂಡರೆಂದು ತೋರುತ್ತದೆ. ಇದು ಜಾಣತನದ ಆಯ್ಕೆ. ಆದರೆ 'ದೀಕ್ಷಾಸ್ನಾನ'ವೆಂದಾಗ ಮಾತ್ರ ಮಾತು ಅವರ ಕೈಯಲ್ಲಿ ಪೂರ್ತಿಯಾಗಿ ನಿಲ್ಲಲಿಲ್ಲ. ದೀಕ್ಷೆಯೆಂದೊಡನೆ ಈ ಸೀಮೆಯ ಮನೆಗಳಲ್ಲಿ ಗುರುವಿನ ಹಸ್ತವೂ ಅಂಗೈಯ ಲಿಂಗವೂ ನೆನಪಿಗೆ ಬರುವವು. ಸ್ನಾನವೆಂದೊಡನೆ ಹೊಳೆಯ ದಂಡೆಯೂ ಮಡಿಬಟ್ಟೆಯೂ ಬರುವವು. ಶಬ್ದವನ್ನು ಎರವಲು ತಂದವನು ಅದರ ಸಂಸಾರವನ್ನೂ ಸಾಕಬೇಕಾಗುತ್ತದೆ.

ನಮ್ಮ ಮಾತುಗಳಲ್ಲಿ ತಮ್ಮ ಮತವನ್ನು ಹೇಳಹೊರಟವರು ತಾವು ಹೇಳಬೇಕೆಂದದ್ದಕ್ಕಿಂತ ಹೆಚ್ಚಾಗಿಯೂ, ಒಮ್ಮೊಮ್ಮೆ ಬೇರೆಯಾಗಿಯೂ ಹೇಳಿದರು. ಕೇಳಿದವರು ತಮಗೆ ಬೇಕಾದಷ್ಟನ್ನು ತೆಗೆದುಕೊಂಡರು. ೧೮೪೦ರ ಸುಮಾರಿಗೆ ಹುಬ್ಬಳ್ಳಿ-ಗದಗಗಳ ಕಡೆಗೆ ಕಾಲಜ್ಞಾನದ ವಚನಗಳನ್ನು ನಂಬಿದ್ದ ಕೆಲವು ಜನರು ತಮ್ಮ ಭವಿಷ್ಯವಾಣಿಯಲ್ಲಿ ಹೇಳಿದವರು ಇವರೇ ಇರಬಹುದೆಂದು ಪಾದ್ರಿಗಳ ಬಳಿಗೆ ಬಂದರು. ಪಾದ್ರಿಗಳು ದೊಡ್ಡ ಫಲವನ್ನು ನಿರೀಕ್ಷಿಸಿ ಗದಗಿನ ಹತ್ತಿರದ ಮಲಸಮುದ್ರದಲ್ಲಿ ಒಕ್ಕಲುತನದ ಒಂದು ನೆಲೆಯನ್ನೇ ಮಾಡಿದರು. ಬಂದವರು ತಮ್ಮ ಕಾಲಜ್ಞಾನವು ನಿಜವಾಗುವದನ್ನು ನೋಡಬಂದವರು. ಪಾದ್ರಿಗಳು ತಮ್ಮ ಸುವಾರ್ತೆಯು ಫಲಿಸುವದನ್ನು ನೋಡನಿಂತವರು. ಇಬ್ಬರೂ ಒಂದೇ ಮಾತಾಡಿದರು, ಬೇರೆ ಬೇರೆ ಕೇಳಿದರು. ನಿರೀಕ್ಷೆಯು ಕೈಗೂಡಲಿಲ್ಲ. ಪರರ ನಾಡಿನಲ್ಲಿ ಸೇವೆಗೆ ನಿಂತವರೆಲ್ಲರೂ ಈ ಪ್ರಸಂಗವನ್ನು ನೆನಪಿನಲ್ಲಿಡತಕ್ಕದ್ದು. ಭಾಷೆಯು ಬಂದ ಮಾತ್ರಕ್ಕೆ ಮನಸ್ಸು ತಿಳಿಯಿತೆಂದು ಹೇಳಲಾಗದು.

ಇಲ್ಲಿ ಇನ್ನೊಂದು ಕಠಿಣವಾದ ಮಾತನ್ನು ಹೇಳಲೇಬೇಕು. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವು ಆಗ ಕಲಾದಗಿ ಜಿಲ್ಲೆಯೆನ್ನಿಸಿಕೊಳ್ಳುತ್ತಿದ್ದ ನಮ್ಮ ಈ ಸೀಮೆಯನ್ನು ಹಿಂಡಿಬಿಟ್ಟಿತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಶನ್ನಿನವರು ಸಾಕಿದರು. ಅವರು ಸಾಕದಿದ್ದರೆ ಆ ಕೂಸುಗಳಲ್ಲಿ ಎಷ್ಟು ಬದುಕುತ್ತಿದ್ದವೋ ದೇವರೇ ಬಲ್ಲ. ಬೇರೆ ಯಾರೂ ಎತ್ತಿಕೊಳ್ಳದ ಕೂಸನ್ನು ಎತ್ತಿಕೊಂಡ ಕೈಯನ್ನು ನಿಂದಿಸುವ ನಾಲಗೆಯು ನಮ್ಮದಾಗದಿರಲಿ. ಆದರೆ ಅನ್ನವನ್ನು ಕೊಟ್ಟ ಕೈಯೇ ಮತವನ್ನೂ ಕೊಟ್ಟಾಗ ತೆಗೆದುಕೊಂಡವನ ಒಪ್ಪಿಗೆಯು ಎಷ್ಟು ಸ್ವತಂತ್ರವಾದದ್ದು? ಕೋಶದ ವಿಷಯದಲ್ಲಿ ಈ ಪ್ರಶ್ನೆಯು ಹುಟ್ಟುವದಿಲ್ಲ. ಕಿಟ್ಟೆಲ್ಲರ ಕೋಶವನ್ನು ಬಿಡಿಸಿ ನೋಡುವವನಿಂದ ಅದು ಏನನ್ನೂ ಬೇಡುವದಿಲ್ಲ. ಈ ಕಾರಣದಿಂದಲೇ ಅವರ ಕೆಲಸಗಳಲ್ಲೆಲ್ಲ ಅದು ಅತ್ಯಂತ ಶುದ್ಧವಾದ ದಾನವೆಂದು ನಾವು ತಿಳಿಯುತ್ತೇವೆ. ಪ್ರಚಾರವು ಹುಟ್ಟಿಸಿದ ಕೃತಿಗಳಲ್ಲಿ, ಪ್ರಚಾರವನ್ನು ಮರೆತದ್ದು ಮಾತ್ರ ಎಲ್ಲರಿಗೂ ಸಂದಿತು.

ಸೇವೆ ಮಾಡಬಂದವನು ತಾನು ಎಷ್ಟು ಬದಲಾದನೆಂಬದು ಸೇವೆಯ ಒಂದು ಅಳತೆ. ಯೆಹೂದ್ಯರಲ್ಲಿ ಯೆಹೂದ್ಯನಂತೆ ನಡೆದುಕೊಂಡ ಪೌಲನ ಮಾದರಿಯಂತೆ ಕನ್ನಡಿಗರಲ್ಲಿ ಕನ್ನಡಿಗನಾಗಬೇಕೆಂದು ಕಿಟ್ಟೆಲ್ಲರು ಇಲ್ಲಿಯ ನಡೆನುಡಿಗಳನ್ನೂ ಸಂಗೀತವನ್ನೂ ಕಲಿಯಹೋದದ್ದು ಅವರ ಸಂಸ್ಥೆಯವರಿಗೆ ಹಿಡಿಸಲಿಲ್ಲ. ಅವರು ಆಕ್ಷೇಪಣೆಗೆ ಗುರಿಯಾದರು. ಉತ್ತರ ಜರ್ಮನಿಯವರೆಂಬ ಕಾರಣದಿಂದ ದಕ್ಷಿಣ ಜರ್ಮನಿಯವರೂ ಸ್ವಿಸ್ ಜನರೂ ತುಂಬಿದ್ದ ಆ ಮಂಡಲಿಯಲ್ಲಿ ಅವರು ಮೊದಲೇ ಹೊರಗಿನವರಂತಿದ್ದರು. ಸ್ವಜನರಲ್ಲಿ ಪರಕೀಯನಾದವನಿಗೆ ಪರರ ಭಾಷೆಯೇ ಮನೆಯಾಯಿತೋ ಏನೋ! ಆದರೂ ಅವರು ಪೂರ್ತಿಯಾಗಿ ಬದಲಾದರೆಂದು ಹೇಳಲಾಗುವದಿಲ್ಲ. ೧೮೭೬ರಲ್ಲಿ ಅವರು ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಲಿಂಗಪೂಜೆಯು ದ್ರಾವಿಡರಲ್ಲಿಯೇ ಹುಟ್ಟಿತೆಂಬ ಅಂದಿನ ಕೆಲವರ ಮತವನ್ನು ಅವರು ಅಲ್ಲಿ ಒಪ್ಪುವದಿಲ್ಲ. ವಾದವು ವಿದ್ವತ್ತೆಯದೇ. ಆದರೆ ಮೂಲವೆಲ್ಲಿ ಎಂಬ ಪ್ರಶ್ನೆಯನ್ನು ಕೇಳುವವನು ನದಿಯ ಹುಟ್ಟನ್ನು ಹುಡುಕುತ್ತ ಬೆಟ್ಟಕ್ಕೆ ಹೋಗುತ್ತಾನೆ. ನೀರನ್ನು ಕುಡಿಯುವವನು ದಂಡೆಯ ಮೇಲೆ ಇರುತ್ತಾನೆ. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕಣ್ಮುಚ್ಚಿ ಕೂತ ಮುದುಕಿಯ ಒಳಗೆ ಏನು ನಡೆಯುತ್ತದೆಂಬ ಪ್ರಶ್ನೆಗೆ ಆ ದಾರಿಯಲ್ಲಿ ಉತ್ತರವು ದೊರೆಯದು. ನಮ್ಮ ಮಾತಿನ ಬಾಗಿಲೊಳಗೆ ಕಿಟ್ಟೆಲ್ಲರು ನಡುಮನೆಯ ತನಕ ಬಂದರು. ನಮ್ಮ ದೇವರಮನೆಯ ಹೊಸ್ತಿಲ ಹೊರಗೆ ನಿಂತರು. ಅವರು ಅಲ್ಲಿ ನಿಲ್ಲುವದು ಅವರ ನಿಷ್ಠೆಗೆ ಸರಿಯಾದದ್ದೇ. ಎಲ್ಲಿ ನಿಂತರೆಂಬದನ್ನು ಗುರುತಿಸುವದಷ್ಟೇ ವಿಮರ್ಶಕನ ಕೆಲಸವು.

ಈಗಿನ ಕಾಲದಲ್ಲಿ ಸೇವೆಯ ಪ್ರವಾಸಗಳು ಎಲ್ಲ ಮತದವರಲ್ಲಿಯೂ ಎಲ್ಲ ದೇಶದವರಲ್ಲಿಯೂ ಹೆಚ್ಚಾಗಿವೆ. ತರುಣರು ವಿಮಾನವೇರಿ ಬಂದು, ಎರಡು ನಾಲ್ಕು ವಾರಗಳಿದ್ದು, ಒಂದು ಶಾಲೆಯ ಗೋಡೆಗೆ ಬಣ್ಣ ಬಳಿದು, ಮಕ್ಕಳ ನಡುವೆ ಭಾವಚಿತ್ರವನ್ನು ತೆಗೆಯಿಸಿಕೊಂಡು ಹೋಗುತ್ತಾರೆ. ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ಮಕ್ಕಳ ಭಾಷೆಯ ಎಷ್ಟು ಮಾತುಗಳು ಅವರ ಜೊತೆಗೆ ವಿಮಾನವನ್ನು ಹತ್ತಿದವು? ಕಿಟ್ಟೆಲ್ಲರು ಬಂದಾಗ ಇಪ್ಪತ್ತೊಂದು ವರ್ಷದ ತರುಣರು. ಕಡೆಯದಾಗಿ ತೆರಳುವಾಗ ಅರವತ್ತರ ಮುದುಕರು. ಅವರಿಗೆ ಕಲಿಸುವದಕ್ಕಿಂತ ಕಲಿಯುವದಕ್ಕೆ ಹೆಚ್ಚು ಕಾಲ ಹಿಡಿಯಿತು. ನಮ್ಮವರೂ ಇದನ್ನು ಯೋಚಿ‍ಸತಕ್ಕದ್ದು. ಪಟ್ಟಣದಿಂದ ಹಳ್ಳಿಗೆ ಸುಧಾರಣೆ ಮಾಡಹೋಗುವ ನಮ್ಮ ವಿದ್ಯಾವಂತರು ಎಷ್ಟು ದಿನ ಇರುತ್ತಾರೆ, ಎಷ್ಟು ಮಾತು ಕಲಿಯುತ್ತಾರೆ? ಸ್ವಂತ ನಾಡಿನ ಹಳ್ಳಿಯೂ ಒಂದು ಬೇರೆ ಸಂಸ್ಕೃತಿಯೇ ಎಂಬ ನಮ್ರತೆ ಅವರಲ್ಲಿ ಉಂಟೋ?

ನಮ್ಮ ತಾಂಬಾದಂಥ ಊರುಗಳಲ್ಲಿ ಈ ಪ್ರಶ್ನೆಯು ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ಜೋಳವನ್ನು ನೆಲದೊಳಗೆ ತುಂಬಿಡುತ್ತಿದ್ದ ಹಗೇವು ಈಗ ಮುಚ್ಚಿಹೋಯಿತು. ಅದರ ಕೂಡ ಆ ಮಾತೂ ಮುಚ್ಚಿಹೋಗುತ್ತಿದೆ. ಕಣದಲ್ಲಿ ಮೇಟಿ ನಿಲ್ಲಿಸಿ ಎತ್ತುಗಳನ್ನು ಕಟ್ಟಿ ಹಂತಿ ಹೊಡೆಯುವಾಗ ರಾತ್ರಿಯೆಲ್ಲ ಹಾಡುತ್ತಿದ್ದವರ ದನಿಯು ಯಂತ್ರದ ಸಪ್ಪಳದಲ್ಲಿ ಅಡಗಿತು. ಕೂರಿಗೆಯ ಒಂದೊಂದು ಅಂಗಕ್ಕೂ ಒಂದೊಂದು ಹೆಸರಿತ್ತು. ಟ್ರ್ಯಾಕ್ಟರಿನ ಹಿಂದೆ ಕೂತ ಹುಡುಗನಿಗೆ ಅವು ಬೇಡವಾಗಿವೆ. ಯಂತ್ರವು ಬರಬಾರದಿತ್ತೆಂದು ನಾವು ಹೇಳುತ್ತಿಲ್ಲ. ಒಕ್ಕಲಿಗನ ಬೆನ್ನು ಹಗುರಾದದ್ದು ಸಂತೋಷದ ಸಂಗತಿಯೇ. ಆದರೆ ಮಾತುಗಳನ್ನು ಬರೆದಿಡುವದಕ್ಕೆ ಈ ಸಲ ಯಾವ ದೇಶದಿಂದ ಯಾರು ಬರುವರೆಂದು ನಾವು ಕಾಯಬೇಕು? ಮೊದಲು ಬಂದವರಿಗೆ ನಮ್ಮನ್ನು ತಮ್ಮ ಮತಕ್ಕೆ ಕರೆದುಕೊಳ್ಳುವ ಆಸೆಯಿತ್ತು. ಆ ಆಸೆಯೇ ಅವರಿಂದ ನಮ್ಮ ಮಾತುಗಳನ್ನು ಹೆಕ್ಕಿಸಿತು. ನಮಗೆ ನಮ್ಮ ಮಾತಿನ ಮೇಲೆ ಅಷ್ಟೂ ಆಸೆಯಿಲ್ಲವೆ?

ನಮ್ಮ ಜಿಲ್ಲೆಯ ವಾಚಕರಲ್ಲಿ ಒಂದು ವಿಜ್ಞಾಪನೆಯನ್ನು ಮಾಡಿ ಈ ಲೇಖನವನ್ನು ಮುಗಿಸುವೆನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಪ್ರತಿಯೊಂದು ಓದುಬರಹದ ಮನೆಯಲ್ಲಿ ಒಂದು ವಹಿಯನ್ನಿಡಿರಿ. ಮನೆಯ ಹಿರಿಯರ ಬಾಯಲ್ಲಿ ಬಂದು ಮಕ್ಕಳಿಗೆ ತಿಳಿಯದೆ ಹೋದ ಮಾತನ್ನು ಅಂದಂದೇ ಅದರಲ್ಲಿ ಬರೆಯಿರಿ. ಅರ್ಥವನ್ನು ಕನ್ನಡದಲ್ಲಿಯೇ ಬರೆಯಿರಿ. ಮಾತನ್ನು ಹೇಳಿದವರ ಹೆಸರನ್ನೂ ಪಕ್ಕದಲ್ಲಿ ಕಾಣಿಸಿರಿ. ಕಿಟ್ಟೆಲ್ಲರ ಕೋಶದಲ್ಲಿ ನಾವು ಎಣಿಸಿದ ದೋಷಗಳಲ್ಲಿ ಎರಡಾದರೂ ಇದರಿಂದ ತೀರುವವು. ಒಂದು ವರ್ಷದ ತರುವಾಯ ಆ ವಹಿಗಳು ಸಂಘಕ್ಕೆ ಬಂದು ಸೇರಿದರೆ, ಪರರು ಮಾಡಿದ ಸೇವೆಯನ್ನು ಹೊಗಳುವ ಅಥವಾ ಹಳಿಯುವ ಅಧಿಕಾರವು ನಮಗೆ ಆಗ ತಕ್ಕಮಟ್ಟಿಗೆ ಬಂದಂತಾಗುವದು.